30 ಬೈಟಿನಲ್ಲಿ ಅನಂತಸ್ವಾಮಿ

ಗ್ರಾಮಫೋನ್ ಕಂಪನಿಯವರು 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ, ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಅದರಲ್ಲಿ ಬಿಂಕವೇನೂ ಇರಲಿಲ್ಲ. ಮೇಣದ ಅಚ್ಚು ಹಡಗೇರಿ ಜರ್ಮನಿಯ ಹ್ಯಾನೋವರ್ ತಲುಪಿದಾಗ, ಯಾವ ತಟ್ಟೆಗೆ ಯಾವ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ಅರಬ್ ನಾಡುಗಳಿಗಾಗಿ ಬೈದಾಫೋನ್ ಕಂಪನಿ ಹೊರಡಿಸಿದ ತಟ್ಟೆಗಳಲ್ಲೂ ಹಾಡಿಗೆ ಮುಂಚೆ ಕಂಪನಿಯ ಹೆಸರು, ಹಾಡುಗಾರರ ಹೆಸರು ಕೇಳಿಬರುತ್ತದೆ. ನಮ್ಮಲ್ಲಂತೂ ಇದು ಶತಮಾನಗಳ ರೂಢಿ: ಕೂಡಲಸಂಗಮದೇವ ಎಂದರೆ ಬಸವಣ್ಣ, ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಚೀಟಿ ಉದುರಿಹೋಗಬಹುದು, ಪದದೊಳಗೇ ಹೆಣೆದ ಅಂಕಿತ ಉದುರದು. (ಅಂಕಿತವನ್ನು ಕದ್ದು ಬರೆದವರೂ ಇದ್ದರು, ಪ್ರಕ್ಷಿಪ್ತ ವಚನಗಳ ತಕರಾರು ಹುಟ್ಟಿದ್ದೇ ಅಲ್ಲಿಂದ.) ಡಿಜಿಟಲ್ ಹಾಡಿನ ಫೈಲಿನೊಳಗೆ ಬರೆಯುವ ಟ್ಯಾಗ್ ಈ ವಂಶದ್ದೇ ಕುಡಿ. ಅದರ ಚರಿತ್ರೆಯನ್ನು ಬರೆಯುವ ಜಾಗ ಹಿಗ್ಗುತ್ತ ಬಂದ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಜಾಗದ ತೊಂದರೆ 2000ದ ಹೊತ್ತಿಗೇ ತೀರಿತ್ತು. ಯಾರು ಬರೆಯುತ್ತಾರೆ, ಯಾವ ಲಿಪಿಯಲ್ಲಿ, ಯಾರ ಹೆಸರನ್ನು ಮೊದಲು ಎಂಬ ಪ್ರಶ್ನೆಗಳು ಮಾತ್ರ ಹಾಗೇ ಉಳಿದಿವೆ. ಅರೇಬಿಕ್ ಲಿಪಿಯೂ ಕನ್ನಡದ ಮನೆಗಳೂ ಒಟ್ಟಿಗೆ ಇರುವ ಕತಾರಿನಿಂದ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಹಾಡಿತ್ತು, ಹಾಡಿನ ಹೆಸರಿರಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಮೊದಲನೆಯದು, ಎರಡನೆಯದು ಎಂಬ ಎಣಿಕೆಯಷ್ಟೇ ಕಾಣುತ್ತಿತ್ತು. 1993ರಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಶುರುಮಾಡಿದ ಸಿಡಿಡಿಬಿ, ಹಾಡುಗಳು ಎಲ್ಲೆಲ್ಲಿ ಶುರುವಾಗುತ್ತವೆ ಎಂಬ ಲೆಕ್ಕದಿಂದಲೇ ಸಿಡಿಯ ಗುರುತು ಹಿಡಿಯುತ್ತಿತ್ತು. ಹೆಸರುಗಳನ್ನು ಕುಳಿತು ಟೈಪಿಸಿದವರು ಸಾಮಾನ್ಯ ಕೇಳುಗರು. ಆ ದತ್ತಾಂಶ ಮುಂದೆ ವ್ಯಾಪಾರದ ಸರಕಾದಾಗ ಅಸಮಾಧಾನ ಹುಟ್ಟಿ, 2000ದ ಸುಮಾರಿಗೆ ರಾಬರ್ಟ್ ಕೇ ಅವರ ಮ್ಯೂಸಿಕ್‌ಬ್ರೈನ್ಜ್‌ನಂಥ ಮುಕ್ತ ಕೋಶಗಳು ಬಂದವು. ಈ ನಡುವೆ, 1996ರಲ್ಲಿ, ಎರಿಕ್ ಕೆಂಪ್ ಎಂಬಾತ ಎಂಪಿ3 ಫೈಲಿನ ಬಾಲಕ್ಕೆ 128 ಬೈಟುಗಳ ತುಣುಕೊಂದನ್ನು ಅಂಟಿಸಿದ. ಅದೇ ಐಡಿ3. ಮೊದಲ 3 ಬೈಟು ಗುರುತಿಗೆ, ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಸಂಗೀತದ ಬಗೆಗೆ ಒಂದೇ ಒಂದು. ಆ ಒಂದು ಬೈಟಿನಲ್ಲಿ ಆಯ್ದುಕೊಳ್ಳಲು ಮೊದಲಿಗೆ 80 ಬಗೆಗಳ ಪಟ್ಟಿಯಿತ್ತು. ಪೋಲ್ಕಾಕ್ಕೆ ಅದರಲ್ಲಿ ಸ್ವಂತ ಸಂಖ್ಯೆಯುಂಟು. ದಾಸರ ಪದ, ಯಕ್ಷಗಾನ, ಕೊಲ್ಲಿ ನಾಡುಗಳ ‘ಸೌತ್’ ಎಂಬ ಗಾಯನಪ್ರಕಾರ ಎಲ್ಲಕ್ಕೂ ಸೇರಿಸಿ 48 ಸಂಖ್ಯೆಯ ‘ಎಥ್ನಿಕ್’ ಎಂಬ ಒಂದೇ ಚೀಲ.

ಈ 30 ಬೈಟುಗಳನ್ನು ಕನ್ನಡದಲ್ಲಿ ತುಂಬಿ ನೋಡೋಣ. ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತದ ಚಿಹ್ನೆಗೆ 3 ಬೈಟು ಬೇಕು. ಭಾವಗೀತೆಗಳಿಗೆ ರಾಗ ಹಾಕಿದ ‘ಮೈಸೂರು ಅನಂತಸ್ವಾಮಿ’ ಅವರ ಹೆಸರು ಬರೆಯಲು 49 ಬೈಟು. 30ಕ್ಕೆ ಕತ್ತರಿಸಿದರೆ ‘ಮೈಸೂರು ಅನಂ’ ಎಂಬಲ್ಲಿಗೆ 28 ತೀರಿ, ಉಳಿದ ಎರಡರಲ್ಲಿ ‘ತ’ ಅಕ್ಷರದ ಮುರುಕು ಸಿಕ್ಕಿಕೊಳ್ಳುತ್ತದೆ, ತೆರೆಯ ಮೇಲೆ ಪ್ರಶ್ನೆಚಿಹ್ನೆಯಾಗಿ ಕೂರುತ್ತದೆ. ರೋಮನ್ ಲಿಪಿಯಲ್ಲಾದರೆ ಅದೇ ಹೆಸರು 19 ಬೈಟಿನಲ್ಲಿ ಮುಗಿದು ಇನ್ನೂ ಜಾಗ ಮಿಗುತ್ತದೆ. ಅರೇಬಿಕ್ ಸ್ಥಿತಿ ಬೇರೆಯಿತ್ತು. ವಿಂಡೋಸಿನಲ್ಲಿ ಅದಕ್ಕೆ 1256 ಎಂಬ, ಅಕ್ಷರಕ್ಕೆ ಒಂದೇ ಬೈಟು ಹಿಡಿಯುವ ಸಂಕೇತಪಟ್ಟಿ ಇದ್ದುದರಿಂದ ಅರಬರು ಅಲ್ಲಿ ತಮ್ಮ ಲಿಪಿಯಲ್ಲೇ ಟ್ಯಾಗ್ ಬರೆಯಬಹುದಿತ್ತು. ಬೇರೆ ದೇಶದ ಕಂಪ್ಯೂಟರಿನಲ್ಲಿ ತೆರೆದಾಗ ಅದು ಕೊಂಬು ಬಾಲಗಳ ಲ್ಯಾಟಿನ್ ಅಕ್ಷರಗಳಾಗಿ ಕೆಟ್ಟು ಕಾಣುತ್ತಿತ್ತು ನಿಜ, ಆದರೆ ಕೆಟ್ಟದ್ದನ್ನು ಸರಿಯಾದ ಪಟ್ಟಿ ಹಿಡಿದು ಮರಳಿ ಓದಿಸಬಹುದು. ಕನ್ನಡಕ್ಕೆ ವಿಂಡೋಸಿನಲ್ಲಿ ಹಾಗೆ ಎಲ್ಲರ ಬಳಕೆಗೆ ಬಂದ ಪಟ್ಟಿ ಇರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಆ ಫಾಂಟು ಇಲ್ಲದ ಪ್ಲೇಯರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತಿತ್ತು. ಹೀಗಾಗಿ ಅರೇಬಿಕ್ ಟ್ಯಾಗ್ ಹಾಳಾಯಿತು, ಕನ್ನಡ ಟ್ಯಾಗ್ ಹುಟ್ಟಲೇ ಇಲ್ಲ. ಟ್ಯಾಗಿನಲ್ಲಿ ಕನ್ನಡ ಹಾಡಿನ ಹೆಸರನ್ನು ರೋಮನ್ ಅಕ್ಷರದಲ್ಲಿ ಬರೆಯುವ ಅಭ್ಯಾಸ ಆ ಕಾಲದ ಕೂಸು.

1998ರಲ್ಲಿ ಐಡಿ3ಯ ಎರಡನೆಯ ಆವೃತ್ತಿ ಬಂತು. ಟ್ಯಾಗ್ ಫೈಲಿನ ಬಾಲದಿಂದ ತಲೆಗೆ ಹೋಯಿತು, ಜಾಗದ ಮಿತಿ ಹೋಯಿತು, ಯೂನಿಕೋಡಿಗೆ ದಾರಿಯಾಯಿತು. 2000ದ ಪರಿಷ್ಕರಣೆ ಯುಟಿಎಫ್-8 ಅನ್ನೂ ಒಪ್ಪಿತು. ಮುಖ್ಯವಾಗಿ, ಹಾಡಿದವರು, ರಾಗ ಹಾಕಿದವರು, ಪದ ಬರೆದವರು ಎಂದು ಬೇರೆಬೇರೆ ಮನೆಗಳು ಹುಟ್ಟಿದವು. ಭಾವಗೀತೆಯ ನಾಡಿಗೆ ಇದಕ್ಕಿಂತ ಬೇರೇನು ಬೇಕಿತ್ತು? 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಬೆಲೆ ಇರುವುದೇ ಅದು ನಿಸಾರ್ ಅಹಮದರ ಕವಿತೆ ಮತ್ತು ಅನಂತಸ್ವಾಮಿಯವರ ರಾಗ ಸಂಯೋಜನೆ ಎಂಬುದರಲ್ಲಿ. ಆಕಾಶವಾಣಿಯ ಉದ್ಘೋಷಕರು ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಹೇಳದೆ ಹಾಡು ಬಿಡುತ್ತಿರಲಿಲ್ಲ. ಆದರೂ ಮನೆಮನೆಯ ಎಂಪಿ3 ಫೈಲುಗಳಲ್ಲಿ ಕವಿಯ ಮನೆ ಬಹುಮಟ್ಟಿಗೆ ಖಾಲಿ. ಹೆಚ್ಚಿನ ಪ್ಲೇಯರುಗಳು ಮುಖ್ಯವಾಗಿ ತೋರಿಸುವುದು ಹಾಡುಗಾರರ ಹೆಸರನ್ನು. ತೋರಿಸದ್ದನ್ನು ತುಂಬುವವರು ಕಡಿಮೆ.

ಕರಾವಳಿಗೂ ಕೊಲ್ಲಿಗೂ ಹಾಡಿನ ನಂಟು ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಟೂ-ಇನ್-ಒನ್ ಕಾಲದ್ದು. ಎಪ್ಪತ್ತರ ದಶಕದ ಕೊನೆಯಿಂದ ಗಲ್ಫಿಗೆ ದುಡಿಯಲು ಹೋದವರು ಊರಿಗೆ ತಂದ ಸಾಮಾನಿನಲ್ಲಿ ಕ್ಯಾಸೆಟ್ ರೆಕಾರ್ಡರ್ ಇದ್ದೇ ಇರುತ್ತಿತ್ತು. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಅದರಲ್ಲಿ ತುಂಬಿಸಿ ಮರಳುವಾಗ ಹೊತ್ತೊಯ್ಯುತ್ತಿದ್ದರು. ಆ ಕ್ಯಾಸೆಟ್ಟಿನ ಒಳಚೀಟಿಯಲ್ಲಿ ಬಾಲ್‌ಪೆನ್ನಿನ ಬರಹ: ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆ, ಊರು, ತಾರೀಕು. ಅದು ಇಂದಿನ ಟ್ಯಾಗಿಗಿಂತ ತುಂಬಿದ ಟ್ಯಾಗ್. ಕ್ಯಾಸೆಟ್ಟು ಎಂಪಿ3 ಆದಾಗ ಧ್ವನಿ ದಾಟಿತು, ಚೀಟಿ ದಾಟಲಿಲ್ಲ. ಈಗ ಅದು ಕತಾರಿನ ದೋಹಾದ ಫೋನುಗಳಿಗೆ ವಾಟ್ಸ್ಆಪಿನಲ್ಲಿ ಬರುವಾಗ ಎಷ್ಟೋ ಸಲ ‘ಎಯುಡಿ’, ಒಂದು ತಾರೀಕು, ‘ಡಬ್ಲ್ಯುಎ’ ಎಂಬ ಹೆಸರು ಹೊತ್ತು ಬರುತ್ತದೆ. ಆ ತಾರೀಕು ಆಟ ನಡೆದ ದಿನದ್ದಲ್ಲ, ಫೋನಿಗೆ ಬಂದ ದಿನದ್ದು.

ಅದೇ ದೋಹಾದಲ್ಲಿ ಇದಕ್ಕೆ ವಿರುದ್ಧವಾದ ಮಾದರಿಯೊಂದಿದೆ. ಕತಾರ್ ಫೌಂಡೇಶನ್ ಮತ್ತು ಬ್ರಿಟಿಷ್ ಲೈಬ್ರರಿ ಕೂಡಿ 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಹಸ್ತಪ್ರತಿ, ನಕಾಶೆ, ಕಡತಗಳ ಜತೆಗೆ ಅರೇಬಿಕ್ ಸಂಗೀತದ ಹಳೆಯ ಗ್ರಾಮಫೋನ್ ತಟ್ಟೆಗಳ ಧ್ವನಿಯೂ ಇದೆ. ವಿವರಣೆ ಅರೇಬಿಕ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಿಗುತ್ತದೆ. ಇದು ಶೋಕಿಗಾಗಿ ಮಾಡಿದ್ದಲ್ಲ. ಬಹರೇನಿನ ಗಾಯಕ ಮುಹಮ್ಮದ್ ಬಿನ್ ಫಾರಿಸ್ ಅವರ ಹೆಸರನ್ನು ರೋಮನ್ ಲಿಪಿಯಲ್ಲಿ ಹತ್ತು ಬಗೆಯಲ್ಲಿ ಬರೆಯಬಹುದು. ಒಮಾನಿನ ಸೂರ್ ಪಟ್ಟಣದ ಸಾಲಿಮ್ ರಾಶಿದ್ ಸೂರಿ ಮುಂಬಯಿಯಲ್ಲಿ ಹಾಡಿ ತಟ್ಟೆ ಮಾಡಿಸಿದವರು. ಒಂದೇ ಕಾಗುಣಿತ ನಂಬಿ ಹುಡುಕಿದರೆ ಅಂಥವರು ಸಿಗುವುದು ಕಷ್ಟ. ಮೂಲ ಲಿಪಿಯ ರೂಪವೊಂದು ಗಟ್ಟಿಯಾಗಿ ನಿಂತರೆ ಉಳಿದವನ್ನೆಲ್ಲ ಅದಕ್ಕೆ ಕಟ್ಟಬಹುದು. ಮನೆಯಲ್ಲಿ ಟ್ಯಾಗ್ ತಿದ್ದುವವರು ಗ್ರಂಥಪಾಲಕರಿಂದ ಇನ್ನೂ ಒಂದು ವಿಷಯ ಕಲಿಯಬೇಕು, ತಿದ್ದಿದ್ದರ ದಾಖಲೆ ಇಡುವುದನ್ನು. ಎಂಪಿ3ಯ ಟ್ಯಾಗಿಗೆ ನೆನಪಿಲ್ಲ: ಹೊಸತನ್ನು ಬರೆದರೆ ಹಳೆಯದು ಅಳಿಯಿತು, ತಿದ್ದಿದವರು ಯಾರೆಂದು ಗೊತ್ತಾಗದು. ತಲೆಯ ಟ್ಯಾಗ್ ತಿದ್ದಿ ಬಾಲದ್ದನ್ನು ಮರೆತರೆ ಒಂದೇ ಫೈಲಿಗೆ ಎರಡು ಹೆಸರು. ಮ್ಯೂಸಿಕ್‌ಬ್ರೈನ್ಜ್ ಪ್ರತಿ ತಿದ್ದುಪಡಿಯ ದಾಖಲೆ ಇಡುವುದು ಇದಕ್ಕೇ.

ಸ್ಟ್ರೀಮಿಂಗ್ ಬಂದ ಮೇಲೆ ಈ ತಲೆನೋವು ಯಾರಿಗೆ ಬೇಕು ಎನ್ನುವವರಿದ್ದಾರೆ. ಸ್ಟ್ರೀಮಿಂಗಿನ ಹಾಡೂ ಯಾರೋ ತುಂಬಿ ಕಳಿಸಿದ ಇಂಥದೇ ಮನೆಗಳನ್ನು ನಂಬಿದೆ; ಊರ ಬಯಲಾಟದ ಧ್ವನಿಮುದ್ರಿಕೆ, ರಾಜ್ಯೋತ್ಸವದಲ್ಲಿ ಸಂಘದವರು ಹಾಡಿದ ಹಾಡು ಅಲ್ಲಿಗೆ ಹೋಗುವುದೂ ಇಲ್ಲ. ಯಂತ್ರವೇ ಹಾಡನ್ನು ಗುರುತಿಸುತ್ತದಲ್ಲಾ ಎಂಬ ಮಾತೂ ಇದೆ. 2002ರ ಶಜಾಮ್‌ನಿಂದ ಇಂದಿನ ಅಕೌಸ್ಟ್‌ಐಡಿಯವರೆಗೆ ಎಲ್ಲವೂ ಧ್ವನಿಯನ್ನು ಕೋಶದಲ್ಲಿರುವುದಕ್ಕೆ ಹೋಲಿಸುತ್ತವೆ. ಕೋಶದಲ್ಲಿ ಇಲ್ಲದ್ದು ಸಿಗದು, ಅಲ್ಲಿ ತಪ್ಪಿದ್ದರೆ ತಪ್ಪೇ ಸಾವಿರ ಫೈಲಿಗೆ ಹರಡುತ್ತದೆ. ಹೆಚ್ಚು ತೂಕದ ಆಕ್ಷೇಪ ಮೂರನೆಯದು: ದೋಹಾದಲ್ಲಿ ಬೆಳೆದ ಮಕ್ಕಳಲ್ಲಿ ಕನ್ನಡ ಕೇಳಿ ತಿಳಿಯುವವರೆಲ್ಲ ಓದಬಲ್ಲವರಲ್ಲ, ಎಷ್ಟೋ ಕಾರಿನ ಸ್ಟೀರಿಯೋಗಳು ಕನ್ನಡವನ್ನು ಚೌಕಗಳಾಗಿ ತೋರಿಸುತ್ತವೆ, ಹಾಗಾಗಿ ರೋಮನ್ನೇ ಸಾಕು. ರೋಮನ್ ಬೇಕು ಎಂಬಷ್ಟನ್ನು ಒಪ್ಪಬೇಕಾದ್ದೇ. ಆದರೆ ಗಾಯಕ ಅಶ್ವಥ್, ತತ್ವಪದಗಳ ಕವಿ ಶರೀಫ ಇಂಥ ಹೆಸರುಗಳನ್ನು ರೋಮನ್ನಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆಯುವುದರಿಂದ ಒಬ್ಬರೇ ಕಲಾವಿದರು ಪಟ್ಟಿಯಲ್ಲಿ ನಾಲ್ವರಾಗುತ್ತಾರೆ. ಕನ್ನಡದಲ್ಲೂ ಅಶ್ವಥ್, ಅಶ್ವತ್ಥ್ ಎಂಬ ಗೊಂದಲ ಇದೆ, ಬಹುಮಟ್ಟಿಗೆ ಎರಡಕ್ಕೇ ನಿಲ್ಲುತ್ತದೆ ಎಂಬುದೇ ಲಾಭ. ಫೈಲಿನ ಹೆಸರು ರೋಮನ್ನಿನಲ್ಲಿ, ಒಳಗಿನ ಟ್ಯಾಗ್ ಕನ್ನಡದಲ್ಲಿ ಇದ್ದರೆ ಫೈಲಿನ ಹೆಸರನ್ನು ತೋರಿಸುವ ಕಾರಿಗೂ ತೊಂದರೆಯಿಲ್ಲ, ಮಕ್ಕಳಿಗೂ ಇಲ್ಲ.

ಕ್ಯಾಸೆಟ್ಟಿನ ಡಬ್ಬಿ ಇನ್ನೂ ಮನೆಯಲ್ಲಿರುವವರು ಹಾಡನ್ನು ಕಂಪ್ಯೂಟರಿಗೆ ಇಳಿಸುವ ಮೊದಲು ಒಳಚೀಟಿಯ ಎರಡೂ ಮಗ್ಗುಲಿನ ಫೋಟೋ ತೆಗೆದಿಡಿ. ಆಮೇಲೆ ಎಂಪಿ3ಟ್ಯಾಗ್‌ನಂಥ ಯಾವುದಾದರೂ ತಂತ್ರಾಂಶ ತೆರೆದು, ಹಾಡಿದವರಿಗಿಂತ ಮುಂಚೆ ಕವಿಯ ಹೆಸರು ಬರೆಯಿರಿ. ಆಟವಾದರೆ ಪ್ರಸಂಗ, ಊರು, ತಾರೀಕು.