ಪುರಂದರದಾಸರೂ ಬಾಲಪಾಠವೂ

ಪ್ರಾತಃಕಾಲದಲ್ಲಿ ಯಾವುದಾದರೊಂದು ಮನೆಯಿಂದ ತಂಬೂರಿಯ ಶ್ರುತಿಯೊಡನೆ ಬಾಲಕಂಠದ ಸ್ವರಾಭ್ಯಾಸವು ಕೇಳಿಬಂದರೆ, ದಾರಿಗನು ಕ್ಷಣಕಾಲ ನಿಂತು ಸಂತೋಷಪಡುವನು. ಆದರೆ ಆ ಪಾಠವು ಎಂದು, ಯಾರಿಂದ, ಯಾವ ಉದ್ದೇಶದಿಂದ ಏರ್ಪಟ್ಟಿತೆಂದು ವಿಚಾರಿಸುವವರು ವಿರಳ. ಈ ವಿಷಯವನ್ನು ವಾಚಕಮಹಾಶಯರ ಮುಂದೆ ಸಂಗ್ರಹವಾಗಿ ನಿವೇದಿಸಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಗಾನವಿದ್ಯೆಯ ಮಹಿಮೆಯು ನಮ್ಮ ಪೂರ್ವಿಕರಿಗೆ ಅವಿದಿತವಾಗಿರಲಿಲ್ಲ. ವೀಣಾವಾದನದ ತತ್ತ್ವವನ್ನೂ ಶ್ರುತಿತಾಳಗಳನ್ನೂ ಬಲ್ಲವನಿಗೆ ಮೋಕ್ಷಮಾರ್ಗವು ಸುಲಭವೆಂದು ಯಾಜ್ಞವಲ್ಕ್ಯಸ್ಮೃತಿಯೇ ಹೇಳಿರುವುದು. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ಸಂಗೀತರತ್ನಾಕರವನ್ನು ರಚಿಸಿದನು. ಆದರೆ ಇಂತಹ ಲಕ್ಷಣಗ್ರಂಥಗಳು ಪಂಡಿತರಿಗೆ ಬೋಧಕವಾಗತಕ್ಕವೇ ಹೊರತು, ಐದಾರು ವರ್ಷದ ಮಗುವಿನ ಕೈಗೆ ಕೊಡತಕ್ಕವಲ್ಲ. ಮಗುವಿಗೆ ಬೇಕಾದುದು ಲಕ್ಷಣವಲ್ಲ, ಮೆಟ್ಟಿಲು.

ಆ ಮೆಟ್ಟಿಲನ್ನು ಕಟ್ಟಿದವರು ಪುರಂದರದಾಸರೆಂದು ಪರಂಪರೆಯು ಏಕಕಂಠದಿಂದ ಹೇಳುತ್ತಿದೆ. ಸಂಪ್ರದಾಯದಂತೆ ಇವರ ಕಾಲವು 1484ರಿಂದ 1564ರವರೆಗೆ. ವಿಜಯನಗರದಲ್ಲಿ ವ್ಯಾಸತೀರ್ಥರ ಶಿಷ್ಯರಾಗಿ ಸಹಸ್ರಾವಧಿ ಪದಗಳನ್ನು ಹಾಡಿದ ಈ ಮಹನೀಯರು, ಸರಳೆ, ಜಂಟಿವರಸೆ, ಸಪ್ತತಾಳದ ಅಲಂಕಾರ, ಪಿಳ್ಳಾರಿಗೀತ ಎಂಬ ಕ್ರಮವನ್ನು ಬಾಲಕರಿಗಾಗಿ ನಿರ್ಮಿಸಿದರೆಂಬುದು ಪ್ರಸಿದ್ಧಿ. ಕರ್ಣಾಟಕ ಸಂಗೀತದ ಪಿತಾಮಹರೆಂಬ ಬಿರುದು ಇವರಿಗೆ ಸಂದುದು ಈ ಕಾರಣದಿಂದಲೇ.

ಈ ಕ್ರಮದಲ್ಲಿ ಅಡಗಿರುವ ವಿವೇಕವನ್ನು ನೋಡಿರಿ. 1550ರಲ್ಲಿ ರಾಮಾಮಾತ್ಯನು ಬರೆದ ಸ್ವರಮೇಳಕಲಾನಿಧಿಯಲ್ಲಿ ಮೊದಲನೆಯ ಮೇಳವು ಮುಖಾರಿ, ಎರಡನೆಯದು ಮಾಳವಗೌಳ. ಶಾಸ್ತ್ರದೃಷ್ಟಿಯಿಂದ ಮುಖಾರಿಯೇ ಶುದ್ಧಮೇಳವು. ಆದರೆ ಅದರಲ್ಲಿ ಷಡ್ಜ, ಋಷಭ, ಗಾಂಧಾರಗಳು ಒತ್ತೊತ್ತಾಗಿ ನಿಂತು, ಅಲ್ಲಿಂದ ಮಧ್ಯಮಕ್ಕೆ ಒಮ್ಮೆಗೇ ದೂರ ಹಾರಬೇಕಾಗುವುದು. ಎಳೆಯ ಕಂಠಕ್ಕೆ ಇದು ಕಷ್ಟಸಾಧ್ಯ. ಮಾಳವಗೌಳದಲ್ಲಾದರೋ ಷಡ್ಜದಿಂದ ಋಷಭಕ್ಕೆ ಅಲ್ಪಾಂತರ, ಋಷಭದಿಂದ ಗಾಂಧಾರಕ್ಕೆ ಅಧಿಕಾಂತರ, ಗಾಂಧಾರದಿಂದ ಮಧ್ಯಮಕ್ಕೆ ಪುನಃ ಅಲ್ಪಾಂತರ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ವಿನ್ಯಾಸವು. ಆದಕಾರಣ ಅರ್ಧವನ್ನು ಕಲಿತ ಮಗುವಿಗೆ ಉಳಿದರ್ಧವು ತಾನಾಗಿಯೇ ವಶವಾಗುವುದು. ಎಪ್ಪತ್ತೆರಡು ಮೇಳಗಳ ಪದ್ಧತಿಯಲ್ಲಿ ಕಟಪಯಾದಿ ಸಂಖ್ಯೆಗಾಗಿ ‘ಮಾಯಾ’ ಶಬ್ದವನ್ನು ಸೇರಿಸಿಕೊಂಡು, ಮಾಯಾಮಾಳವಗೌಳವೆಂಬ ಹೆಸರಿನಿಂದ ಹದಿನೈದನೆಯದಾಗಿ ನಿಂತಿರುವುದು ಈ ಮೇಳವೇ. ಬಳಿಕ ಬರುವ ಪಿಳ್ಳಾರಿಗೀತಗಳು ಇದರ ಜನ್ಯವಾದ ಮಲಹರಿಯಲ್ಲಿವೆ. ಅಲ್ಲಿ ಮಗುವು ಹೊಸ ಸ್ವರವೊಂದನ್ನೂ ಕಲಿಯಬೇಕಾಗಿಲ್ಲ. ಕಲಿತುದನ್ನೇ ವಿಘ್ನೇಶ್ವರಸ್ತುತಿಯ ಮಾತುಗಳೊಡನೆ ಹಾಡಿದರಾಯಿತು. ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದ ನನಗೆ ಇದಕ್ಕಿಂತ ಉತ್ತಮವಾದ ಬೋಧನಕ್ರಮವು ಕಂಡುದಿಲ್ಲ.

1565ರ ಯುದ್ಧದಲ್ಲಿ ವಿಜಯನಗರವು ಹಾಳಾಯಿತು. ಅರಮನೆಗಳ ಅಧಿಷ್ಠಾನಗಳು ಮಾತ್ರ ಹಂಪೆಯಲ್ಲಿ ಉಳಿದುವು. ತುಂಗಭದ್ರೆಯ ದಡದಲ್ಲಿ ದಾಸರ ಹೆಸರಿನ ಮಂಟಪವೊಂದು ಈಗಲೂ ನಿಂತಿದೆ. ಆದರೆ ಕಲ್ಲಿನಲ್ಲಿ ಕಟ್ಟಿದುದು ಬಿದ್ದರೂ ಮಕ್ಕಳ ಕಂಠದಲ್ಲಿ ಇಟ್ಟುದು ಬೀಳಲಿಲ್ಲ. ಎರಡು ಶತಮಾನಗಳ ಮೇಲೆ ತಂಜಾವೂರಿನ ಸೀಮೆಯಲ್ಲಿ ಒಬ್ಬ ತಾಯಿಯು ತನ್ನ ಶಿಶುವಿಗೆ ದಾಸರ ಪದಗಳನ್ನು ಹಾಡಿ ಕೇಳಿಸುತ್ತಿದ್ದಳೆಂದು ಐತಿಹ್ಯವುಂಟು. ಆ ಶಿಶುವೇ ತ್ಯಾಗರಾಜಸ್ವಾಮಿಗಳು (1767–1847). ಅವರು ತಮ್ಮ ಪ್ರಹ್ಲಾದಭಕ್ತಿವಿಜಯದ ಆರಂಭದಲ್ಲಿ ಪುರಂದರದಾಸರನ್ನು ಸ್ಮರಿಸಿ ವಂದಿಸಿರುವರು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಉದ್ಯೋಗದಲ್ಲಿದ್ದಾಗ ನಾನು ಸಂಗೀತವನ್ನು ಪರೀಕ್ಷೆಗೆ ವಿಘ್ನವೆಂದೇ ಎಣಿಸಿ, ನನ್ನ ಮಗಳ ಪಾಠವನ್ನು ಗೀತಗಳಲ್ಲಿಯೇ ನಿಲ್ಲಿಸಿಬಿಟ್ಟೆನು. ಅವಳು ಎದುರಾಡಲಿಲ್ಲ, ತಂಬೂರಿಗೆ ಗವಸು ಹಾಕಿಟ್ಟಳು. ಹಲವು ವರ್ಷಗಳ ತರುವಾಯ ನನ್ನ ತಾಯಿಯವರಿಗೆ ಮರೆವಿನ ವ್ಯಾಧಿಯು ಬಂದು, ಹೆತ್ತ ಮಕ್ಕಳ ಹೆಸರೂ ಅವರಿಗೆ ತೋಚದಾಯಿತು. ಒಂದು ಸಂಜೆ ಮಗಳು ಅವರ ಬಳಿ ಕುಳಿತು, ಬಾಲ್ಯದಲ್ಲಿ ಅವರಿಂದಲೇ ಕೇಳಿದ್ದ ದಾಸರ ಪದವೊಂದನ್ನು ಹಾಡಿದಳು. ಎರಡನೆಯ ನುಡಿಗೆ ತಾಯಿಯವರು ದನಿಗೂಡಿಸಿದರು; ಮಾತು ತಪ್ಪಲಿಲ್ಲ, ತಾಳವೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ ಮೊಮ್ಮಗಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಇತರ ನೆನಪುಗಳು ಮಾಸಿದ ಮೇಲೂ ಹಾಡಿನ ನೆನಪು ಅನೇಕರಲ್ಲಿ ಉಳಿಯುವುದೆಂದು ಈಗಿನ ವೈದ್ಯಶಾಸ್ತ್ರಜ್ಞರೂ ಹೇಳುವರು. ನಾನು ಅದನ್ನು ನನ್ನ ಮನೆಯಲ್ಲಿಯೇ ಕಂಡೆನು. ನಾನು ನಿಲ್ಲಿಸಿದುದು ಏನೆಂಬುದನ್ನೂ ಅಂದೇ ಅರಿತೆನು.

ಮಕ್ಕಳೆಲ್ಲರೂ ವಿದ್ವಾಂಸರಾಗಬೇಕೆಂದು ನಾನು ಹೇಳುವುದಿಲ್ಲ. ಸ್ವರಾಭ್ಯಾಸದಿಂದ ಉಸಿರು ಹದಗೊಳ್ಳುವುದು, ಉಚ್ಚಾರಣೆ ಶುದ್ಧವಾಗುವುದು, ಇನ್ನೊಬ್ಬರ ದನಿಗೆ ಕಿವಿಗೊಡುವ ವಿನಯವು ಅಭ್ಯಾಸವಾಗುವುದು, ಇಷ್ಟೇ ಸಾಲದೆ? ಗುರುಗಳು ದೊರೆಯದ ಊರಿನಲ್ಲಿ ತಾಯಿತಂದೆಗಳು ತಮಗೆ ಬಂದಷ್ಟನ್ನು ಹಾಡಲಿ. ದೀಪ ಹಚ್ಚಿದ ಮೇಲೆ ಒಂದು ಪದ ಸಾಕು. ಪುಷ್ಯ ಬಹುಳ ಅಮಾವಾಸ್ಯೆಯಂದು ದಾಸರ ಆರಾಧನೆಯನ್ನು ಸಭೆಗಳಲ್ಲಿ ನಡೆಸುವುದು ಉಚಿತವೇ. ಮಗುವೊಂದನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸರಳೆಯನ್ನು ಹೇಳಿಕೊಡುವುದೂ ಅವರ ಆರಾಧನೆಯೇ ಸರಿ. ಆ ತಂಬೂರಿಯ ಗವಸನ್ನು ನಮ್ಮ ಮನೆಯಲ್ಲಿ ಈಗ ತೆಗೆದಿದೆ. ಮಗಳು ತನ್ನ ಮಗುವಿಗೆ ಪಾಠ ಹೇಳುವಳು; ನಾನೂ ಹಿಂದೆ ಕುಳಿತು ತಾಳ ಹಾಕುವೆನು.