ಅರ್ಬುದಚಿಕಿತ್ಸೆಯ ಫಲಾನುಮಾನ: ಒಂದು ಚರಿತ್ರೆ

ಕಂಡ ಚಿಹ್ನೆಯಿಂದ ಕಾಣದ ಅರ್ಥವನ್ನು ತಿಳಿಯುವುದಕ್ಕೆ ನಮ್ಮ ತಾರ್ಕಿಕರು ಅನುಮಾನವೆಂದು ಹೆಸರಿಟ್ಟಿರುವರು. ವೈದ್ಯನ ಜ್ಞಾನವೂ ಬಹುಮಟ್ಟಿಗೆ ಈ ಜಾತಿಯದೇ. ಆಯುರ್ವೇದಾಚಾರ್ಯರು ರೋಗವನ್ನರಿಯುವ ಐದು ಸಾಧನಗಳಲ್ಲಿ ಉಪಶಯವನ್ನು, ಎಂದರೆ ಔಷಧಾಹಾರವಿಹಾರಗಳಿಂದ ರೋಗಿಗೆ ಉಂಟಾಗುವ ಹಿತವನ್ನು, ಒಂದಾಗಿ ಎಣಿಸಿದರು. ರೋಗದ ಸಾಧ್ಯಾಸಾಧ್ಯವಿಚಾರವನ್ನು ಬೇರೆಯಾಗಿಯೇ ಮಾಡಿದರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ಯಾನ್ಸರ್ ಚಿಕಿತ್ಸೆಯ ಫಲವನ್ನು ದೇಹಾಂತರ್ಗತ ಚಿತ್ರಗಳಿಂದ ಊಹಿಸುವ ಆಧುನಿಕವಿದ್ಯೆಯ ಚರಿತ್ರೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

1895ರಲ್ಲಿ ರಾಂಟ್ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದನು. 1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಒಳಗನ್ನು ಪದರಪದರವಾಗಿ ತೋರಿಸಿತು. ಆದರೆ ಕಂಡುದನ್ನು ಅಳೆಯುವ ಬಗೆ ಹೇಗೆ? ಇದಕ್ಕೆ ಉತ್ತರವು ಕೈಯಳತೆಯಿಂದ ಬಂದಿತು. 1976ರಲ್ಲಿ ಅಮೆರಿಕದ ಮೊಯೆರ್ಟೆಲ್, ಹ್ಯಾನ್ಲಿ ಎಂಬವರು ಹನ್ನೆರಡು ಗುಂಡುಗಳನ್ನು ಮೆತ್ತನೆಯ ರಬ್ಬರಿನ ಹಾಳೆಯಡಿ ಇಟ್ಟು, ಹದಿನಾರು ಮಂದಿ ನುರಿತ ವೈದ್ಯರಿಂದ ಅಳೆಯಿಸಿದರು. ಶೇಕಡ 25ರಷ್ಟು ಇಳಿತವನ್ನೇ ಗುಣವೆಂದೆಣಿಸಿದರೆ, ಸಮಗಾತ್ರದ ಗುಂಡುಗಳಲ್ಲಿಯೂ ಇಲ್ಲದ ಗುಣವು ಪದೇಪದೇ ತೋರುತ್ತಿದ್ದಿತು. ಶೇಕಡ 50ರ ಗಡಿಯನ್ನಿಟ್ಟರೆ ಆ ಭ್ರಾಂತಿಯು ಬಹಳ ಕಡಿಮೆಯಾಯಿತು. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯು ಎರಡು ವ್ಯಾಸಗಳ ಗುಣಲಬ್ಧಕ್ಕೆ ಶೇಕಡ 50ರ ಗಡಿಯನ್ನೇ ವಿಧಿಸಿತು. 2000ದ ರೆಸಿಸ್ಟ್ ನಿಯಮಗಳಲ್ಲಿ ಅದು ಉದ್ದವ್ಯಾಸಗಳ ಮೊತ್ತದಲ್ಲಿ ಶೇಕಡ 30ರ ಇಳಿತವಾಯಿತು. ವ್ಯಾಸವು 30ರಷ್ಟು ಇಳಿದರೆ ವಿಸ್ತೀರ್ಣವು 51ರಷ್ಟು ಇಳಿಯುವುದಾದ್ದರಿಂದ ಈ ಎರಡೂ ಹೆಚ್ಚುಕಡಿಮೆ ಒಂದೇ. ಅಳೆಯುವವನ ದೋಷವನ್ನು ಕಳೆಯಲು ಹುಟ್ಟಿದ ಸಂಖ್ಯೆಯು ಹೀಗೆ ರೋಗದ ಲಕ್ಷಣವಾಗಿ ನಿಂತಿತು.

ಇದರ ಕೊರತೆಯು ಇಮಾಟಿನಿಬ್ ಔಷಧದಿಂದ ಹೊರಬಿದ್ದಿತು. ಜಿಸ್ಟ್ ಎಂಬ ಜಠರಾಂತ್ರಗಳ ಅರ್ಬುದದಲ್ಲಿ ಔಷಧವು ಫಲಿಸಿದರೂ ಗಡ್ಡೆಯು ಬೇಗನೆ ಕುಗ್ಗದಿರಬಹುದು; ಕೆಲವೊಮ್ಮೆ ಹಿಗ್ಗಲೂಬಹುದು. ಒಳಗಿನ ಸಾಂದ್ರತೆ ಮಾತ್ರ ಇಳಿಯುವುದು. ಆದುದರಿಂದ ಚೋಯ್ ಮೊದಲಾದವರು 2007ರಲ್ಲಿ ಗಾತ್ರದಲ್ಲಿ ಶೇಕಡ 10ರ ಅಥವಾ ಸಾಂದ್ರತೆಯಲ್ಲಿ ಶೇಕಡ 15ರ ಇಳಿತವನ್ನು ಗುಣಲಕ್ಷಣವೆಂದು ಸಾರಿದರು. ಗಾತ್ರವೊಂದನ್ನೇ ನಂಬಿದ ವೈದ್ಯನು ಫಲಕಾರಿಯಾದ ಮದ್ದನ್ನೇ ನಿಲ್ಲಿಸುತ್ತಿದ್ದನೆಂಬುದನ್ನು ವಾಚಕರು ಗಮನಿಸಬೇಕು.

ಆಮೇಲೆ ಗಣಕಯಂತ್ರದ ಕಾಲವು ಬಂದಿತು. 2014ರಲ್ಲಿ ಏರ್ಟ್ಸ್ ಮೊದಲಾದವರು ಶ್ವಾಸಕೋಶ ಮತ್ತು ಶಿರೋಗ್ರೀವಗಳ ಅರ್ಬುದವುಳ್ಳ 1019 ರೋಗಿಗಳ ಸಿ.ಟಿ. ಚಿತ್ರಗಳಿಂದ ಆಕಾರ, ಸಾಂದ್ರತೆ, ನೇಯ್ಗೆಗಳಿಗೆ ಸಂಬಂಧಿಸಿದ 440 ಲಕ್ಷಣಗಳನ್ನು ತೆಗೆದು, ಅವುಗಳಲ್ಲಿ ಕೆಲವು ಆಯುಃಪ್ರಮಾಣವನ್ನು ಸೂಚಿಸುವುವೆಂದರು. ಆದರೆ 2019ರಲ್ಲಿ ವೆಲ್ಚ್ ಮೊದಲಾದವರು ಚಿತ್ರಬಿಂದುಗಳ ಸಾಂದ್ರತೆಗಳನ್ನು ಕಲಸಿ ನೇಯ್ಗೆಯನ್ನು ಕೆಡಿಸಿಯೂ ಸೂಚನೆಯು ಬಹುಮಟ್ಟಿಗೆ ಹಾಗೆಯೇ ಉಳಿಯುವುದನ್ನು ತೋರಿಸಿದರು. ಗಡ್ಡೆಯ ಗಾತ್ರವೇ ಮರೆಯಲ್ಲಿ ನಿಂತು ಮಾತಾಡುತ್ತಿದ್ದಿತು!

ತರ್ಕಶಾಸ್ತ್ರದಲ್ಲಿ ಇದಕ್ಕೆ ಉಪಾಧಿಯೆಂದು ಹೆಸರು. ಬೆಂಕಿಯಿದ್ದೆಡೆಯಲ್ಲೆಲ್ಲ ಹೊಗೆಯುಂಟೆಂದು ಹೇಳಿದವನು ಹಸಿಸೌದೆಯನ್ನು ಮರೆತಿರುವನು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿ? ಇಷ್ಟೇ ಅಲ್ಲ: ಯಾರು ಹೆಚ್ಚು ಕಾಲ ಬದುಕುವರೆಂಬುದು ಸಾಧ್ಯಾಸಾಧ್ಯದ ಮಾತು, ಯಾರಿಗೆ ಯಾವ ಮದ್ದು ಹಿಡಿಯುವುದೆಂಬುದು ಉಪಶಯದ ಮಾತು. ಮೊದಲನೆಯದನ್ನು ಸಾಧಿಸಿದ ಹೇತುವಿನಿಂದಲೇ ಎರಡನೆಯದೂ ಸಿದ್ಧಿಸಿತೆನ್ನಲಾಗದು. ಹೊಸ ಚಿಹ್ನೆಗಳು ಇನ್ನೆಷ್ಟೋ ಬರಬಹುದು. ಉಪಾಧಿಯನ್ನು ಶೋಧಿಸದೆ ಅವುಗಳನ್ನು ನಂಬಿದರೆ, ತಾರ್ಕಿಕನು ವಾದದಲ್ಲಿ ಮಾತ್ರ ಸೋಲುವನು. ರೋಗಿಯಾದರೋ ಪ್ರಾಣವನ್ನೇ ತೆರಬೇಕಾದೀತು.