‘ಸ್ಟ್ರೆಸ್’: ಒಂದು ಶಬ್ದದ ಚರಿತ್ರೆ

ಇಂಗ್ಲಿಷಿನ ‘ಸ್ಟ್ರೆಸ್’ ಎಂಬ ಶಬ್ದವು ಇಂದು ವೈದ್ಯರ ಕೊಠಡಿಯಲ್ಲಿ, ಕಚೇರಿಯಲ್ಲಿ, ವಿದ್ಯಾಶಾಲೆಯಲ್ಲಿ, ಮನೆಮಾತಿನಲ್ಲಿಯೂ ಸಹ ಎಡೆಬಿಡದೆ ಕೇಳಿಬರುತ್ತಿದೆ. ನಿಘಂಟನ್ನು ತೆರೆದರೆ ‘ಸ್ಟ್ರೇನ್’, ‘ಪ್ರೆಷರ್’, ‘ಟೆನ್ಷನ್’, ‘ಡಿಸ್ಟ್ರೆಸ್’ ಎಂಬಿವನ್ನು ಅದರ ಪರ್ಯಾಯಪದಗಳೆಂದು ಒಟ್ಟಿಗೆ ಕೊಟ್ಟಿರುವುದು ಕಾಣುವುದು. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಒಂದೇ ಮನೆಯವರಲ್ಲವಷ್ಟೆ. ಈ ಶಬ್ದಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಮನುಷ್ಯನ ಕಷ್ಟಕ್ಕೆ ಹೊಣೆ ಎಲ್ಲಿಯದು ಎಂಬ ಪ್ರಶ್ನೆಗೆ ಒಂದೊಂದೂ ಬೇರೆಬೇರೆ ಉತ್ತರವನ್ನು ಹೇಳುವುದೆಂದು ತಿಳಿದುಬರುವುದು.

‘ಸ್ಟ್ರೆಸ್’ ಶಬ್ದದ ಮೂಲವು ‘ಬಿಗಿದೆಳೆ’ ಎಂಬರ್ಥದ ‘ಸ್ಟ್ರಿಂಗೆರೆ’ ಎಂಬ ಲ್ಯಾಟಿನ್ ಧಾತು. ‘ಸ್ಟ್ರಿಕ್ಟ್’, ‘ಸ್ಟ್ರೇನ್’ ಎಂಬಿವೂ ಅದೇ ಕುಲದವು. ‘ಸ್ಟ್ರೆಸ್’, ‘ಸ್ಟ್ರೇನ್’ ಎಂಬಿವು ಹಳೆಯ ಫ್ರೆಂಚ್ ಭಾಷೆಯ ಮಾರ್ಗವಾಗಿ ಇಂಗ್ಲೆಂಡಿಗೆ ಬಂದವು. 14ನೆಯ ಶತಮಾನದ ಇಂಗ್ಲಿಷಿನಲ್ಲಿ ‘ಸ್ಟ್ರೆಸ್’ ಎಂದರೆ ಕಷ್ಟ, ಇಕ್ಕಟ್ಟು, ಬಲಾತ್ಕಾರ. ಅನೇಕ ಕಡೆಗಳಲ್ಲಿ ಅದು ‘ಡಿಸ್ಟ್ರೆಸ್’ ಎಂಬುದರ ಮೊಟಕು ರೂಪವೇ ಆಗಿದ್ದಿತು. ಈ ‘ಡಿಸ್ಟ್ರೆಸ್’ ಇಂಗ್ಲಿಷ್ ನ್ಯಾಯಶಾಸ್ತ್ರದ ಪದವೂ ಹೌದು; ಗೇಣಿಯನ್ನು ಕೊಡದ ಒಕ್ಕಲಿನ ಸಾಮಾನನ್ನು ಭೂಮಾಲಿಕನು ಜಪ್ತಿ ಮಾಡುವುದಕ್ಕೆ ಆ ಹೆಸರಿದ್ದಿತು. ಬಿರುಗಾಳಿಗೆ ಸಿಕ್ಕಿದ ಹಡಗು ದಾರಿ ಬಿಟ್ಟು ಬೇರೊಂದು ಬಂದರನ್ನು ಹೊಕ್ಕರೆ, ಹವೆಯ ‘ಸ್ಟ್ರೆಸ್’ನಿಂದ ಹಾಗಾಯಿತೆಂದು ನಾವಿಕರು ಹೇಳುತ್ತಿದ್ದರು. ಹೀಗೆ ಆದಿಯಲ್ಲಿ ಈ ಶಬ್ದವು ಹೊರಗಿನಿಂದ ಬಂದೆರಗುವುದನ್ನೇ ಸೂಚಿಸುತ್ತಿದ್ದಿತು. ನರಳುವವನು ಒಳಗೆ, ನರಳಿಸುವುದು ಹೊರಗೆ.

19ನೆಯ ಶತಮಾನದಲ್ಲಿ ಈ ಶಬ್ದವು ಯಂತ್ರಶಾಸ್ತ್ರಜ್ಞರ ಕೈಸೇರಿತು. ಸ್ಪ್ರಿಂಗು ಹಿಗ್ಗುವ ಪ್ರಮಾಣವು ಅದನ್ನೆಳೆಯುವ ಬಲಕ್ಕೆ ಅನುಗುಣವಾಗಿರುವುದೆಂದು ರಾಬರ್ಟ್ ಹುಕ್ಕನು 1678ರಲ್ಲಿಯೇ ಪ್ರಕಟಿಸಿದ್ದನು. ಘನವಸ್ತುವಿನ ಒಳಗಡೆ ವರ್ತಿಸುವ ಬಲಗಳನ್ನು ಫ್ರಾನ್ಸಿನ ಕೋಶಿಯು 1822ರಲ್ಲಿ ಗಣಿತದ ಕಟ್ಟಿಗೆ ತಂದನು. 1842ರಲ್ಲಿ ವರ್ಸಾಯ್ ನಗರದಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹೊತ್ತಿ, ಬಹುಜನರು ಪ್ರಾಣ ಬಿಟ್ಟರು. ಆ ಕಾಲದಲ್ಲಿ ಅಚ್ಚುಗಳು ಮುರಿಯುವುದೇಕೆಂದು ವಿಚಾರ ನಡೆಸಿದವರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರನೊಬ್ಬನು. ಇವನು 1850ರ ದಶಕದಲ್ಲಿ ಎರಡು ಶಬ್ದಗಳನ್ನು ಖಚಿತವಾಗಿ ಬೇರ್ಪಡಿಸಿದನು. ವಸ್ತುವಿನ ಒಳಗೆ ತಲೆದೋರುವ ಬಲವು ‘ಸ್ಟ್ರೆಸ್’. ಅದರ ಆಕಾರದಲ್ಲಾಗುವ ಮಾರ್ಪಾಟು ‘ಸ್ಟ್ರೇನ್’. ಸೂರಿನ ಹೊರೆಯಿಂದ ತೊಲೆಯೊಳಗೆ ಉಂಟಾಗುವುದು ಮೊದಲನೆಯದು. ತೊಲೆಯು ಬಾಗುವುದು ಎರಡನೆಯದು. ತೊಲೆಯು ಮುರಿದರೆ ಎಂಜಿನಿಯರನು ತೊಲೆಯನ್ನು ಬಯ್ದು ಸುಮ್ಮನಾಗುವುದಿಲ್ಲ; ಹೊರೆ ಎಷ್ಟಿದ್ದಿತೆಂದು ಲೆಕ್ಕ ಹಾಕುವನು.

ಲೋಹದಿಂದ ದೇಹಕ್ಕೆ ಈ ಶಬ್ದವು ಬಂದುದು 20ನೆಯ ಶತಮಾನದಲ್ಲಿ. ಭಯ ಕೋಪಗಳುಂಟಾದಾಗ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳ ರಸವು ರಕ್ತದಲ್ಲಿ ಸೇರಿ, ಪ್ರಾಣಿಯನ್ನು ಕಾದಾಟಕ್ಕೋ ಓಟಕ್ಕೋ ಅಣಿಗೊಳಿಸುವುದೆಂದು ಅಮೆರಿಕದ ವಾಲ್ಟರ್ ಕ್ಯಾನನ್ ತೋರಿಸಿದನು. 1935ರಲ್ಲಿ ಅವನು ದೇಹದ ಸಮಸ್ಥಿತಿಯನ್ನು ಕುರಿತು ಬರೆದಾಗ ಎಂಜಿನಿಯರುಗಳ ಈ ಎರಡು ಶಬ್ದಗಳನ್ನೂ ಬಳಸಿಕೊಂಡನು. 1936ರಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿದ್ದ ಹ್ಯಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದನು. ಚಳಿ, ಗಾಯ, ಅತಿಶ್ರಮ, ವಿಷ—ಯಾವುದಕ್ಕೆ ಗುರಿಪಡಿಸಿದರೂ ಇಲಿಗಳ ದೇಹದಲ್ಲಿ ಒಂದೇ ಬಗೆಯ ವಿಕಾರಗಳು ಕಾಣುವುವೆಂಬುದು ಅದರ ಸಾರ. ಲೇಖನದ ಶೀರ್ಷಿಕೆಯಲ್ಲಿ ‘ಸ್ಟ್ರೆಸ್’ ಎಂಬ ಮಾತಿಲ್ಲ. ಮುಂದೆ ಆ ಶಬ್ದವನ್ನು ಲೋಕಪ್ರಸಿದ್ಧಗೊಳಿಸಿದವನು ಮಾತ್ರ ಅವನೇ.

ಅವನ ಪ್ರಯೋಗದಲ್ಲಿ ಒಂದು ಮಹತ್ತಾದ ಪಲ್ಲಟವಾಯಿತು. ‘ಸ್ಟ್ರೆಸ್’ ಎಂದರೆ ದೇಹದ ಮೇಲೆ ಬಿದ್ದ ಹೊರೆಯಲ್ಲ, ಹೊರೆಗೆ ದೇಹವು ಕೊಡುವ ಉತ್ತರ ಎಂದಾಯಿತು. ಹೊರೆಗೆ ‘ಸ್ಟ್ರೆಸರ್’ ಎಂಬ ಹೊಸ ಶಬ್ದವನ್ನೇ ಟಂಕಿಸಬೇಕಾಯಿತು. ಯಂತ್ರಶಾಸ್ತ್ರದ ಕ್ರಮದಂತೆ ‘ಸ್ಟ್ರೇನ್’ ಎಂಬುದೇ ಹೆಚ್ಚು ಒಪ್ಪುತ್ತಿದ್ದಿತೆಂದು ಸೆಲ್ಯೆಯೇ ಕಾಲಾನಂತರ ಒಪ್ಪಿಕೊಂಡನು. ಆದರೆ ಶಬ್ದವು ಆಗಲೇ ಹೊಸ್ತಿಲು ದಾಟಿದ್ದಿತು. ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳು ಅದನ್ನು ಇದ್ದಂತೆಯೇ ಎತ್ತಿಕೊಂಡವು.

ಇದು ಕೇವಲ ಪಂಡಿತರ ಚರ್ಚೆಯೆಂದು ತಳ್ಳಿಬಿಡುವಂತಿಲ್ಲ. ರೋಗದ ಬೀಜವು ‘ಸ್ಟ್ರೆಸ್’ನಲ್ಲಿದೆಯೆಂದರೆ ಬೇರೆ ಅಪರಾಧಿಗಳು ಹಿಂದೆ ಸರಿಯುವುದಕ್ಕೆ ಎಡೆಯಾಗುವುದು. ಅಮೆರಿಕದ ಹೊಗೆಸೊಪ್ಪಿನ ಉದ್ಯಮವು ಸೆಲ್ಯೆಯ ಸಂಶೋಧನೆಗೆ ಹಣ ಒದಗಿಸಿದುದೂ, 1969ರಲ್ಲಿ ಅವನು ಕೆನಡದ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಧೂಮಪಾನವನ್ನು ಮನಸ್ಸಿಗೆ ಬಿಡುವು ಕೊಡುವ ಉಪಾಯವೆಂದು ಸಮರ್ಥಿಸಿದುದೂ ಆ ಉದ್ಯಮದ ಕಾಗದಪತ್ರಗಳು ಹೊರಬಿದ್ದ ಮೇಲೆ ಲೋಕಕ್ಕೆ ಸ್ಪಷ್ಟವಾದವು. ಇದಕ್ಕೆ ಪ್ರತಿಯಾಗಿ, ಲಂಡನ್ನಿನ ಸರಕಾರಿ ನೌಕರರನ್ನು ಕುರಿತು 1967ರಲ್ಲಿಯೂ 1985ರಲ್ಲಿಯೂ ಪ್ರಾರಂಭವಾದ ದೀರ್ಘ ಪರಿಶೀಲನೆಗಳು ಕಣ್ಣನ್ನು ಮತ್ತೆ ಹೊರೆಯ ಕಡೆಗೆ ತಿರುಗಿಸಿದವು. ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಕೆಳದರ್ಜೆಯವರಲ್ಲಿಯೇ ಹೆಚ್ಚೆಂದು ಮೊದಲನೆಯದು ತೋರಿಸಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನಿಗೆ ಆ ರೋಗದ ಭಯ ಅಧಿಕವೆಂದು ಎರಡನೆಯದು ತಿಳಿಸಿತು.

ಇನ್ನು ಕನ್ನಡದ ಮಾತು. ಬಳಕೆಯ ನುಡಿಯಲ್ಲಿ ಬೇರೂರಿರುವುದು ‘ಟೆನ್ಷನ್’. ಇದರ ಲ್ಯಾಟಿನ್ ಮೂಲಕ್ಕೂ ಸಂಸ್ಕೃತದ ‘ತನ್’ ಧಾತುವಿಗೂ ಬಾಂಧವ್ಯವುಂಟು; ಎರಡಕ್ಕೂ ಹಿಗ್ಗಿಸುವುದೆಂದೇ ಅರ್ಥ. ಆದುದರಿಂದ ವೀಣೆಯ ತಂತಿಯೂ ಕಚೇರಿಯ ಟೆನ್ಷನ್ನೂ ದೂರದ ದಾಯಾದಿಗಳು. ಬಿಗಿಯಿಲ್ಲದ ತಂತಿ ನುಡಿಯದು, ಬಿಗಿ ಮೀರಿದರೆ ಉಳಿಯದು.

ಬರವಣಿಗೆಯಲ್ಲಿ ನಿಂತಿರುವ ‘ಒತ್ತಡ’ವು ಅಚ್ಚಗನ್ನಡದ ‘ಒತ್ತು’ ಧಾತುವಿನಿಂದ ಬಂದುದು. ಇಂಗ್ಲಿಷಿನಲ್ಲಿ ಮಾತಿಗೆ ಕೊಡುವ ಬಲವೂ ‘ಸ್ಟ್ರೆಸ್’ ಆಗಿರುವಂತೆ, ಕನ್ನಡದಲ್ಲಿಯೂ ಮಾತನ್ನು ಒತ್ತಿ ಹೇಳುವುದುಂಟು. ಒತ್ತಾಯ, ಒತ್ತುವರಿಗಳೂ ಈ ಬಳಗದವೇ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವಿದೆ: ‘ಒತ್ತಡ’ವೆಂದೊಡನೆ ಒತ್ತುವವರು ಯಾರೆಂಬ ಪ್ರಶ್ನೆ ತಾನಾಗಿಯೇ ಏಳುವುದು. ಕಳವಳ, ಬೇಗುದಿ, ದುಗುಡ, ದಣಿವುಗಳಾದರೋ ಒಳಗಿನ ಅವಸ್ಥೆಯನ್ನು ಹೇಳುವುವು. ‘ಹೊರೆ’ಯು ಹೊರಗಿನ ಭಾರವನ್ನು ಹೇಳುವುದು. ಸೆಲ್ಯೆಯ ಶಬ್ದವು ಬೆರೆಸಿದ ಮೂರನ್ನೂ ಕನ್ನಡವು ಬೇರೆಬೇರೆಯಾಗಿಯೇ ಇರಿಸಿಕೊಂಡಿದೆ.

ಭಾಷಾಂತರಕಾರರಿಗೂ ವೈದ್ಯರಿಗೂ ಈ ಭೇದವು ಉಪೇಕ್ಷಣೀಯವಲ್ಲ. ಸಾಲದಲ್ಲಿ ಮುಳುಗಿದ ರೈತನ ಸಂಕಟವನ್ನು ಬರಿಯ ‘ಮನಸ್ಸಿನ ಕಳವಳ’ವೆಂದು ಬರೆದರೆ ಚಿಕಿತ್ಸೆ ಮನಸ್ಸಿಗೆ ಮಾತ್ರ ನಡೆಯುವುದು, ಸಾಲವು ಇದ್ದಲ್ಲಿಯೇ ಇರುವುದು. ಹೊರೆಯನ್ನು ಹೊರೆಯೆಂದೂ ಕಳವಳವನ್ನು ಕಳವಳವೆಂದೂ ಕರೆದಾಗ ಎರಡಕ್ಕೂ ತಕ್ಕ ಮದ್ದನ್ನು ಹುಡುಕುವುದು ಸಾಧ್ಯವಾಗುವುದು.